ಹಸಿರು ತಂತಿಯ ಅರ್ಥ

ಬಾಮೈದನ ಕೆಲಸದಲ್ಲಿ ಒಂದೇ ಒಂದು ತಪ್ಪೂ ಸಿಗದೆ ಹೋದದ್ದು ಯಜಮಾನರಿಗೆ ಬಹಳ ನೋವುಂಟುಮಾಡಿತ್ತು.

ತಪ್ಪು ಹುಡುಕುವುದು ಅವರ ಚಟವಲ್ಲ, ಹೊಟ್ಟೆಪಾಡು. ದೊಡ್ಡದೊಂದು ಪ್ರೆಸ್ಸಿನಲ್ಲಿ ಅವರಿಗೆ ಕರಡು ತಿದ್ದುವ ಕೆಲಸ. ಅಚ್ಚಿಗೆ ಹೋಗುವ ಯಾವ ಹಾಳೆಯೂ, ಅದು ಪಠ್ಯಪುಸ್ತಕವೇ ಇರಲಿ, ಸೋಪಿನ ಪೊಟ್ಟಣದ ಮೇಲಿನ ಬರಹವೇ ಇರಲಿ, ಅವರ ಕೆಂಪು ಪೆನ್ಸಿಲಿನ ಗೀರು ತಿನ್ನದೆ ಮುಂದಕ್ಕೆ ಹೋಗುವಂತಿರಲಿಲ್ಲ. ಕರಡು ತಿದ್ದುವವರಾದ್ದರಿಂದ ಪ್ರೆಸ್ಸಿನವರು ಬೆನ್ನ ಹಿಂದೆ ಅವರನ್ನು ‘ಕರಡಿ’ ಎನ್ನುತ್ತಿದ್ದರು. (ಒಮ್ಮೆ ಯಾರೋ ಕೈತೊಳೆಯುವ ಜಾಗದ ಗೋಡೆಯ ಮೇಲೆ ‘ಕರಡೀ’ ಎಂದು ಬರೆದಿದ್ದರು. ಯಜಮಾನರು ಸಿಟ್ಟಾಗಲಿಲ್ಲ. ದೀರ್ಘವನ್ನು ಮಾತ್ರ ಹೊಡೆದುಹಾಕಿ ಬಂದರು.) ಮನೆಯಲ್ಲಿ ಅವರನ್ನು ಯಜಮಾನರು ಎನ್ನುತ್ತಿದ್ದರು. ಅದು ರೂಢಿಯಿಂದ ಬಂದ ಮಾತು, ಅದಕ್ಕೆ ಹೆಚ್ಚಿನ ಅರ್ಥವೇನೂ ಇರಲಿಲ್ಲ.

ಹೆಂಡತಿ ಕೇಕು ಬಿಸ್ಕತ್ತು ಮಾಡಿ ಮಾರುವ ಕೆಲಸ ಹಿಡಿದಿದ್ದಳು. ಮೊದಮೊದಲು ಅಕ್ಕಪಕ್ಕದವರಿಗಷ್ಟೇ ಇದ್ದದ್ದು ಬೀದಿ ದಾಟಿ ಆಚೆಗೂ ಹರಡಿತು. ಅಡುಗೆಮನೆಯ ಕಟ್ಟೆಯ ಮೇಲಿನ ಪುಟ್ಟ ಓವನ್ ಸಾಲದೆ ಬಂದು, ಕಪಾಟಿನಷ್ಟು ದೊಡ್ಡದೊಂದು ಓವನ್ ತರಿಸಿದಳು. ಅಷ್ಟು ದೊಡ್ಡದಕ್ಕೆ ಹಳೆಯ ವೈರು ತಡೆಯುವುದಿಲ್ಲ, ಬೋರ್ಡಿನಿಂದಲೇ ಬೇರೆ ಲೈನು ಎಳೆಯಬೇಕು ಎಂದು ಅವಳ ತಮ್ಮ ಹೇಳಿದ. ತಮ್ಮ ಕಸುಬಿನಲ್ಲಿ ಎಲೆಕ್ಟ್ರೀಷಿಯನ್. ಹಿತ್ತಲ ಕಡೆಯ ಸಾಮಾನಿನ ಕೋಣೆಯನ್ನು ಖಾಲಿ ಮಾಡಿಸಿ, ಗೋಡೆ ಕೊರೆದು, ಪೈಪು ಹೂತು, ವೈರು ಎಳೆದು, ಗಾರೆಯವನನ್ನು ಕರೆಸಿ ಮೇಲೆ ಸಿಮೆಂಟು ಮೆತ್ತಿಸಿ, ಸುಣ್ಣವನ್ನೂ ತಾನೇ ಬಳಿದ. ಕೆಲಸ ಮಾಡುವಷ್ಟು ಹೊತ್ತೂ ಹಾಡಿಕೊಳ್ಳುತ್ತಲೇ ಇದ್ದ. ಹಾಡಿಕೊಂಡು ಕೆಲಸ ಮಾಡುವವನ ಕೆಲಸದಲ್ಲಿ ತಪ್ಪು ಇರಲೇಬೇಕು ಎಂಬುದು ಯಜಮಾನರ ನಂಬಿಕೆ.

ಆದರೆ ಸಿಗಲಿಲ್ಲ. ಪ್ಲಗ್ ಪಾಯಿಂಟುಗಳು ಸೊಟ್ಟಗಿವೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. ನೆಟ್ಟಗಿದ್ದವು. ಸ್ವಿಚ್ಚುಗಳನ್ನು ಒತ್ತಿ ನೋಡಿದರು. ಟಕ್ಕೆಂದವು. ಸುಣ್ಣ ನೆಲಕ್ಕೆ ಚೆಲ್ಲಿದೆಯೇ ಎಂದು ಬಗ್ಗಿದರು. ಸೊಂಟ ಹಿಡಿದುಕೊಂಡಿತೇ ಹೊರತು ಕಲೆ ಕಾಣಲಿಲ್ಲ.

“ಗೋಡೆ ಮೇಲಿರೋದೆಲ್ಲ ಚೆನ್ನಾಗಿದೆಯಪ್ಪ,” ಎಂದರು ಕೊನೆಗೆ. “ಗೋಡೆ ಒಳಗಿರೋದು?”

“ಒಳಗಿರೋದೂ ನಾನೇ ಹಾಕಿದ್ದಲ್ವಾ ಭಾವ,” ಎಂದ ಬಾಮೈದ, ಸಾಮಾನು ಚೀಲಕ್ಕೆ ತುಂಬಿಕೊಳ್ಳುತ್ತ.

“ಅದೇ ತೊಂದರೆ. ಬರೆದವನ ಕಣ್ಣಿಗೆ ಅವನ ತಪ್ಪು ಕಾಣಿಸಲ್ಲ. ಇಲ್ಲದಿದ್ರೆ ನನ್ನಂಥವರಿಗೆ ಪ್ರೆಸ್ಸಿನಲ್ಲಿ ಏನು ಕೆಲಸ?”

“ಪೈಪಿಗೆ ವೈರು ಎಳೆದ ತಕ್ಷಣ ಒಂದ್ಸಲ ಟೆಸ್ಟ್ ಮಾಡಿದೀನಿ. ಎಲ್ಲೂ ಕಟ್ಟಾಗಿಲ್ಲ.”

“ಅದು ಸಿಮೆಂಟು ಮೆತ್ತೋಕೆ ಮುಂಚೆ. ಮೆತ್ತಿದ ಮೇಲೆ?”

ಬಾಮೈದ ಒಂದು ಗಳಿಗೆ ಸುಮ್ಮನಾದ. “ಮೆತ್ತಿದ ಮೇಲೆ… ನಾಳೆ ಸಂಜೆ ಬಂದು ಕನೆಕ್ಷನ್ ಕೊಡ್ತೀನಲ್ಲ, ಆಗ ಇನ್ನೊಂದ್ಸಲ ನೋಡಿದ್ರಾಯ್ತು ಬಿಡಿ.”

ಅವನು ಹಾಡಿಕೊಳ್ಳುತ್ತ ಸ್ಕೂಟರ್ ಹತ್ತಿ ಹೋದ. ಆದರೆ ಆ ಒಂದು ಗಳಿಗೆಯ ಮೌನವನ್ನು ಯಜಮಾನರು ಹಿಡಿದಿಟ್ಟುಕೊಂಡರು. ಮೂವತ್ತು ಪುಟ ಸರಾಗವಾಗಿ ಓದಿಸಿಕೊಂಡು ಹೋದ ಪುಸ್ತಕದಲ್ಲಿ ಥಟ್ಟನೆ ಒಂದು ಒತ್ತಕ್ಷರ ಮಂಕಾಗಿ ಕಂಡ ಹಾಗಾಗಿತ್ತು ಅವರಿಗೆ.

ಮಾರನೆಯ ದಿನ ಪ್ರೆಸ್ಸಿಗೆ ರಜೆ. ತಿಂಡಿ ಮುಗಿಸಿದವರೇ ಹೊರಗೆ ಹೋಗಿ ಒಂದು ಮೀಟರು ಕೊಂಡು ತಂದರು. ಅಂಗೈಯಗಲದ ಹಳದಿ ಡಬ್ಬಿ, ಅದಕ್ಕೆ ಎರಡು ಬಾಲ, ಬಾಲದ ತುದಿಗೆ ಒಂದೊಂದು ಚೂಪು ಕಡ್ಡಿ. ತಿರುಪನ್ನು ಗಂಟೆಯ ಚಿತ್ರದ ಮುಂದೆ ನಿಲ್ಲಿಸಿ, ಎರಡು ಕಡ್ಡಿಗಳನ್ನು ಒಂದು ತಂತಿಯ ಎರಡು ತುದಿಗೆ ಮುಟ್ಟಿಸಿದರೆ, ತಂತಿ ಎಲ್ಲೂ ತುಂಡಾಗದೆ ಇದ್ದಲ್ಲಿ ‘ಕುಂಯ್’ ಎನ್ನುತ್ತದೆ. ತುಂಡಾಗಿದ್ದರೆ ಸುಮ್ಮನಿರುತ್ತದೆ. ಅಂಗಡಿಯವನು ಇದನ್ನು ಕಂಟಿನ್ಯೂಟಿ ಟೆಸ್ಟು ಎಂದ. ಅಂಥ ಘನಕಾರ್ಯಕ್ಕೆ ಅಂಥ ಬಡ ಹೆಸರು ಯಜಮಾನರಿಗೆ ಹಿಡಿಸಲಿಲ್ಲ. ಮನೆ ಸೇರುವುದರೊಳಗೆ ಅದು ಅಖಂಡತಾ ಪರೀಕ್ಷೆ ಎಂದಾಗಿತ್ತು.

ಮೊದಲು ಅಭ್ಯಾಸ ಬೇಕಲ್ಲ. ಚಮಚಕ್ಕೆ ಹಿಡಿದರು, ಕುಂಯ್. ಬೀಗದ ಕೈಗೆ ಹಿಡಿದರು, ಕುಂಯ್. ಕಿಟಕಿಯ ಸರಳು, ಬಾಗಿಲ ಚಿಲಕ, ತಮ್ಮದೇ ಕನ್ನಡಕದ ಚೌಕಟ್ಟು, ಎಲ್ಲವೂ ಅಖಂಡವಾಗಿದ್ದವು. ನಡುಮನೆಯ ಕುರ್ಚಿಯಲ್ಲಿ ಕೂತಿದ್ದ ಅಮ್ಮನ ಊರುಗೋಲು ಮಾತ್ರ ಮಾತಾಡಲಿಲ್ಲ.

“ಕೋಲು ಮುರಿದಿದೆಯೇನೋ?” ಎಂದರು ಅಮ್ಮ ಗಾಬರಿಯಿಂದ.

“ಇಲ್ಲಮ್ಮ, ಮರದ್ದಲ್ವಾ.”

“ಮುರೀತಾ? ನಿನ್ನೆ ಚೆನ್ನಾಗಿತ್ತಲ್ಲೋ.”

ಅಮ್ಮನ ಕಿವಿ ಈಚೆಗೆ ಮಂದ. ಆಡಿದ್ದರಲ್ಲಿ ಅರ್ಧ ಕೇಳಿಸುತ್ತಿತ್ತು. ಉಳಿದರ್ಧವನ್ನು ಅವರೇ ರಚಿಸಿಕೊಳ್ಳುತ್ತಿದ್ದರು.

ಅಡುಗೆಮನೆಯಲ್ಲಿ ಹೆಂಡತಿ ದೊಡ್ಡ ಬೋಗುಣಿಯಲ್ಲಿ ಬೆಣ್ಣೆ ಸಕ್ಕರೆ ಕಲಸುತ್ತಿದ್ದಳು. ಪಕ್ಕದ ಬೀದಿಯಲ್ಲಿ ಹೊಸದಾಗಿ ಹಲ್ಲಿನ ಆಸ್ಪತ್ರೆ ತೆರೆಯುತ್ತಿದ್ದ ಡಾಕ್ಟರಮ್ಮ, ಆರಂಭದ ದಿನ ಬಂದವರಿಗೆಲ್ಲ ಹಂಚಲು ಕೇಕು ಬೇಕೆಂದಿದ್ದರು. (ಹಲ್ಲಿನ ಡಾಕ್ಟರು ಊರಿಗೆಲ್ಲ ಸಿಹಿ ಹಂಚುವುದನ್ನು ದೂರದೃಷ್ಟಿ ಎನ್ನದೆ ಬೇರೆ ದಾರಿಯಿಲ್ಲ.) ಹೆಂಡತಿಗೆ ಅಷ್ಟು ದೊಡ್ಡ ಕೆಲಸ ಬಂದದ್ದು ಅದೇ ಮೊದಲು. ನಾಳಿದ್ದು ಬೆಳಿಗ್ಗೆ ಕೊಡಬೇಕು, ಅದೂ ಹೊಸ ಓವನ್‌ನಲ್ಲೇ ಬೇಯಬೇಕು.

“ಕೈ ತೊಳ್ಕೊಂಡು ಬಾ. ಬೋರ್ಡಿನ ಹತ್ರ ನಿಂತ್ಕೋಬೇಕು,” ಎಂದರು ಯಜಮಾನರು.

“ಸಂಜೆ ಅವನೇ ಬಂದು ನೋಡ್ತಾನಲ್ರೀ.”

“ಅವನು ನೋಡಿದ್ರೆ ಅದು ಅವನು ನೋಡಿದ ಹಾಗಾಯ್ತು. ನಾವು ನೋಡಿದ ಹಾಗೆ ಹೇಗಾಗುತ್ತೆ?”

ಈ ತರ್ಕಕ್ಕೆ ಉತ್ತರ ಕೊಡುವುದಕ್ಕಿಂತ ಕೈ ತೊಳೆದುಕೊಳ್ಳುವುದು ಸುಲಭ ಎಂದು ಅವಳಿಗೆ ವರ್ಷಗಳ ಅನುಭವದಿಂದ ಗೊತ್ತಿತ್ತು.

ವ್ಯವಸ್ಥೆ ಹೀಗಿತ್ತು. ಮೇನ್ ಬೋರ್ಡು ಇದ್ದದ್ದು ಮುಂಬಾಗಿಲ ಪಕ್ಕ. ಹೊಸ ಲೈನಿನ ಮೂರು ತಂತಿಗಳು, ಕೆಂಪು, ಕಪ್ಪು, ಹಸಿರು, ಇನ್ನೂ ಬೋರ್ಡಿಗೆ ಸೇರದೆ ಅಲ್ಲಿ ಮೀಸೆಯ ಹಾಗೆ ಇಳಿಬಿದ್ದಿದ್ದವು. ಇನ್ನೊಂದು ತುದಿ ಮನೆಯ ಹಿಂಭಾಗದ ಸಾಮಾನಿನ ಕೋಣೆಯ ಪ್ಲಗ್ ಪಾಯಿಂಟಿನಲ್ಲಿ. ಇತ್ತ ಹೆಂಡತಿ ಯಾವುದಾದರೂ ಎರಡು ತಂತಿಯ ತುದಿ ಸೇರಿಸಿ ಹಿಡಿಯಬೇಕು, ಅತ್ತ ಯಜಮಾನರು ಪಾಯಿಂಟಿನಲ್ಲಿ ಅವೇ ಎರಡರ ತೂತಿಗೆ ಮೀಟರಿನ ಕಡ್ಡಿ ಚುಚ್ಚಬೇಕು. ಕುಂಯ್ ಎಂದರೆ ಎರಡೂ ತಂತಿ ಉದ್ದಕ್ಕೂ ಸರಿಯಾಗಿವೆ ಎಂದು ಅರ್ಥ. ತೊಡಕು ಒಂದೇ: ಈ ತುದಿಯಿಂದ ಕೂಗಿದ್ದು ಆ ತುದಿಗೆ ಕೇಳಿಸುತ್ತಿರಲಿಲ್ಲ. ನಡುವೆ ಎರಡು ಬಾಗಿಲು, ಒಂದು ತಿರುವು. ತಿರುವಿನಲ್ಲೇ ಅಮ್ಮನ ಕುರ್ಚಿ. ಅಲ್ಲಿ ಕೂತರೆ ಎರಡೂ ಕಡೆ ಕಾಣುತ್ತಿತ್ತು, ಅದಕ್ಕೇ ಅಮ್ಮ ಅಲ್ಲಿ ಕೂರುತ್ತಿದ್ದದ್ದು.

“ಅಮ್ಮ, ನಾನು ಹೇಳಿದ್ದನ್ನ ಅವಳಿಗೆ ಹೇಳು, ಅವಳು ಹೇಳಿದ್ದನ್ನ ನನಗೆ ಹೇಳು. ಅಷ್ಟೇ.”

“ಇಷ್ಟು ವರ್ಷ ಇನ್ನೇನು ಮಾಡ್ಕೊಂಡ್ ಬಂದಿದೀನಿ,” ಎಂದರು ಅಮ್ಮ.

ಮೇನ್ ಸ್ವಿಚ್ ಆರಿಸಿದ್ದಾಯಿತು. ಫ್ಯಾನು ನಿಂತಿತು, ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. “ಬೇಗ ಮುಗಿಸ್ರೀ, ಒಳಗೆ ಕ್ರೀಮ್ ಇದೆ,” ಎಂದಳು ಹೆಂಡತಿ. ಯಜಮಾನರು ಸಾಮಾನಿನ ಕೋಣೆಗೆ ಹೋಗಿ ಮಂಡಿಯೂರಿದರು.

“ಕೆಂಪೂ ಕಪ್ಪೂ ಸೇರಿಸಿ ಹಿಡಿ ಅನ್ನಮ್ಮ.”

“ಕೆಂಪೂ ಕಪ್ಪೂ ಸೇರಿಸಿ ಹಿಡೀಬೇಕಂತೆ ಕಣಮ್ಮ,” ಎಂದು ಅಮ್ಮ ಅಕ್ಷರ ಬಿಡದೆ ದಾಟಿಸಿದರು.

ಕಡ್ಡಿ ಚುಚ್ಚಿದರು. ಕುಂಯ್. ಯಜಮಾನರ ಮುಖ ಸಪ್ಪಗಾಯಿತು. ಆದರೂ ಧೈರ್ಯಗೆಡಲಿಲ್ಲ. ಮೊದಲ ಕರಡಿನಲ್ಲಿ ಸಿಗದ್ದು ಎರಡನೆಯದರಲ್ಲಿ ಸಿಗುವುದುಂಟು.

“ಈಗ ಕಪ್ಪು ಬಿಟ್ಟು ಹಸಿರು ಹಿಡಿ ಅನ್ನು.”

ಅಮ್ಮ ಸೊಸೆಯ ಕಡೆ ತಿರುಗಿದರು. “ಈಗ ಕಪ್ಪು ಬಿಟ್ಟು ಉಸಿರು ಹಿಡೀಬೇಕಂತಮ್ಮ.”

ಹೆಂಡತಿಗೆ ಇದು ಸ್ವಲ್ಪ ವಿಚಿತ್ರವೆನಿಸಿತು. ಆದರೆ ಕರೆಂಟಿನ ವಿಷಯ, ಏನಿದ್ದರೂ ಹುಷಾರಾಗಿರುವುದು ಒಳ್ಳೆಯದು. ಕಪ್ಪು ತಂತಿ ಬಿಟ್ಟಳು. ಕೆಂಪು ತಂತಿಯನ್ನು ಹಾಗೇ ಹಿಡಿದು, ಎದೆ ತುಂಬ ಗಾಳಿ ಎಳೆದುಕೊಂಡು, ಬಾಯಿ ಬಿಗಿದು ನಿಂತಳು.

ಅತ್ತ ಯಜಮಾನರು ಕಡ್ಡಿ ಚುಚ್ಚಿದರು. ಮೀಟರು ತುಟಿ ಪಿಟಕ್ಕೆನ್ನಲಿಲ್ಲ. ತೆಗೆದು ಮತ್ತೆ ಚುಚ್ಚಿದರು, ತಿರುಗಿಸಿ ಚುಚ್ಚಿದರು, ಕಡ್ಡಿಯ ತುದಿಯನ್ನು ಅಂಗಿಗೆ ಒರೆಸಿ ಚುಚ್ಚಿದರು. ಊಹೂಂ.

“ಅಮ್ಮ, ಹಿಡಿದಿದಾಳಾ?”

ಅಮ್ಮ ಬಗ್ಗಿ ನೋಡಿದರು. “ಹಿಡಿದಿದಾಳೆ ಕಣೋ. ಗಟ್ಟಿಯಾಗೇ ಹಿಡಿದಿದಾಳೆ.”

“ಕೆಂಪು?”

“ಕೆಂಪೇ ಕೆಂಪು. ಕಿವಿವರೆಗೂ.”

“ಹಸಿರು?”

“ಉಸಿರೇ ಇಲ್ಲ ಕಣೋ.”

ಬಾಗಿಲು ದಾಟಿ ಬಂದ ಆ ಮಾತು ಯಜಮಾನರ ಕಿವಿಗೆ ‘ಹಸಿರೇ ಇಲ್ಲ’ ಎಂದೇ ಬಿತ್ತು. ಅವರು ಮೀಟರನ್ನು ನೆಲದ ಮೇಲಿಟ್ಟು, ಎದ್ದು, ಮಂಡಿಯ ಧೂಳು ಕೊಡವಿಕೊಂಡರು. ಅವರ ಮುಖದಲ್ಲಿ ಆಗ ಮೂಡಿದ ಶಾಂತಿ ಅವರ ಮದುವೆಯ ಫೋಟೋದಲ್ಲೂ ಇರಲಿಲ್ಲ.

“ಈ ಲೈನಿಗೆ ಅರ್ಥ್ ಇಲ್ಲ,” ಎಂದು ನಡುಮನೆಗೆ ಬಂದು ಘೋಷಿಸಿದರು.

ಹೆಂಡತಿ ಏದುಸಿರು ಬಿಡುತ್ತ ಗೋಡೆಗೆ ಒರಗಿದ್ದಳು. “ಲೈನಿಗೆ ಯಾಕ್ರೀ ಅರ್ಥ? ನೀವಾಡೋ ಎಷ್ಟೋ ಮಾತಿಗೇ ಇರಲ್ಲ.”

“ಅರ್ಥ ಅಲ್ಲ, ಅರ್ಥ್. ಕೊನೆಯಲ್ಲಿ ಸ್ವರ ಇಲ್ಲ. ಹಸಿರು ತಂತಿಯ ಹೆಸರು ಅದು. ಓವನ್ನಿನ ತಗಡಿಗೆ ಕರೆಂಟ್ ಬಂದುಬಿಟ್ರೆ ಅದನ್ನ ನೆಲಕ್ಕೆ ಇಳಿಸೋದೇ ಆ ತಂತಿ. ಅದು ತುಂಡಾಗಿದ್ರೆ ಆ ಕರೆಂಟು ನಿನ್ನ ಮೂಲಕ ನೆಲಕ್ಕೆ ಇಳಿಯುತ್ತೆ. ಅರ್ಥ್ ಇಲ್ಲದ ಕಡೆ ಅನರ್ಥ ಕಟ್ಟಿಟ್ಟದ್ದು.”

ಇದು ನಿಜವೇ ಆದ್ದರಿಂದ ಹೆಂಡತಿ ಬೆಚ್ಚಿದಳು. “ಸ್ವಂತ ಅಕ್ಕನ ಮನೆಗೇ ಹೀಗೆ ಮಾಡೋದಾ ಅವನು? ಬರಲಿ, ಕೇಳ್ತೀನಿ.”

“ಬಂದ್ರೆ ಏನೋ ಒಂದು ಹೇಳಿ ಜಾರಿಕೊಳ್ತಾನೆ. ಸಾಕ್ಷಿ ಬೇಕು.”

ಎಂದವರೇ ಉಳಿ ಸುತ್ತಿಗೆ ಹುಡುಕಿ ತೆಗೆದರು. ತಂತಿ ಎಲ್ಲಿ ತುಂಡಾಗಿದೆ ಎಂದು ಮೀಟರು ಹೇಳುವುದಿಲ್ಲ. ಆದರೆ ಪ್ಲಗ್ ಪಾಯಿಂಟಿನ ಒಂದು ಮೊಳ ಕೆಳಗೆ ಗೋಡೆ ಕೊಂಚ ಉಬ್ಬಿದ ಹಾಗೆ ಅವರ ಅನುಭವಿ ಕಣ್ಣಿಗೆ ತೋರಿತು. ಅಲ್ಲಿಗೆ ಉಳಿಯಿಟ್ಟು ಸುತ್ತಿಗೆ ಬೀಸಿದರು. ಹೊಸ ಸುಣ್ಣ ಚಕ್ಕೆಯಾಗಿ ಎದ್ದಿತು. ನಡುಮನೆಯಿಂದ ಅಮ್ಮ, “ಯಾರೋ ಬಾಗಿಲು ಬಡೀತಿದಾರೆ, ನೋಡಮ್ಮ,” ಎಂದರು. ಹೆಂಡತಿ ಎರಡು ಸಲ ಬಾಗಿಲು ತೆಗೆದು ನೋಡಿ ಬಂದಳು. ಯಜಮಾನರ ಕೈ ಪೆನ್ಸಿಲಿಗೆ ಪಳಗಿದ್ದು, ಸುತ್ತಿಗೆಗಲ್ಲ. ನಾಲ್ಕು ಏಟು ಗೋಡೆಗೆ ಬಿದ್ದರೆ ಒಂದು ಹೆಬ್ಬೆರಳಿಗೆ ಬೀಳುತ್ತಿತ್ತು. ಆ ಸಿಟ್ಟಿನಲ್ಲಿ ಬಿದ್ದ ಏಟು ಸಿಮೆಂಟು ಸೀಳಿ, ಪೈಪು ಸೀಳಿ, ಇನ್ನೂ ಒಳಕ್ಕೆ ಹೋಯಿತು. ಉಳಿ ಕಿತ್ತು ತೆಗೆದು, ಸಿಮೆಂಟಿನ ಪುಡಿ ಊದಿ ನೋಡಿದರೆ, ಒಡೆದ ಪೈಪಿನೊಳಗೆ ಹಸಿರು ತಂತಿ ಎರಡು ತುಂಡಾಗಿ ನಿಂತಿತ್ತು.

“ಸಿಕ್ಕಿತು,” ಎಂದರು ಯಜಮಾನರು.

ಹೆಂಡತಿ ಬಂದು ನೋಡಿ ಕೆನ್ನೆಗೆ ಕೈಯಿಟ್ಟುಕೊಂಡಳು. ಅಮ್ಮ ಕೋಲೂರಿಕೊಂಡು ಬಂದು, ಏನು ನೋಡಬೇಕು ಎಂದು ತಿಳಿಯದೆ ಸುಣ್ಣ ಚೆನ್ನಾಗಿದೆ ಎಂದರು. ಹೆಂಡತಿಯ ಹಿಂದೆ ಅಡುಗೆಮನೆಗೆ ಬಂದು ಯಜಮಾನರು ಬಾಮೈದನಿಗೆ ಫೋನ್ ಮಾಡಿದರು.

“ನಿನ್ನ ಕೃತಿಯನ್ನ ಪರಿಶೀಲಿಸಿದೆಯಪ್ಪ. ಹಸಿರು ತಂತಿ ಗೋಡೆ ಒಳಗೇ ತುಂಡಾಗಿದೆ. ಊಹೆಯಲ್ಲ, ಕಣ್ಣಾರೆ ನೋಡಿದೀನಿ. ನಿನ್ನ ಅಕ್ಕನ ಪ್ರಾಣ ನಿನಗೆ ಹಗುರ ಇರಬಹುದು, ನನಗಲ್ಲ. ಮಾಡ್ತಿರೋ ಕೆಲಸ ಬಿಟ್ಟು ಬಾ.”

ಆ ಕಡೆಯಿಂದ ಹಾಡೂ ಕೇಳಿಸಲಿಲ್ಲ, ನಗುವೂ ಕೇಳಿಸಲಿಲ್ಲ. “ಬಂದೆ ಭಾವ,” ಎಂದಷ್ಟೇ ಹೇಳಿ ಇಟ್ಟ.

ಯಜಮಾನರು ಫೋನನ್ನು ಮೆಲ್ಲಗೆ ಜೇಬಿಗಿಳಿಸಿ ಹೆಂಡತಿಯ ಕಡೆ ನೋಡಿದರು. ಮೆಚ್ಚುಗೆಯ ಒಂದು ಮಾತು ಬರಬಹುದೆಂದು ನಿರೀಕ್ಷೆ ಇತ್ತು. ಅವಳು ಹಣೆ ಒತ್ತಿಕೊಳ್ಳುತ್ತ ಸ್ಟೂಲಿನ ಮೇಲೆ ಕೂತಳು.

“ತಲೆ ಸುತ್ತು ಇನ್ನೂ ಇಳಿದಿಲ್ಲ ನೋಡಿ.”

“ಯಾಕೆ?”

“ಯಾಕೆ ಅಂದ್ರೆ? ಅಷ್ಟು ಹೊತ್ತು ಉಸಿರು ಹಿಡ್ಕೊಂಡು ನಿಂತ್ರೆ ಇನ್ನೇನಾಗುತ್ತೆ? ಉಸಿರು ಹಿಡೀಬೇಕು ಅಂತ ಎಲ್ಲಿ ಓದಿದ್ರೋ ನೀವು. ಅವನು ವೈರು ಮುಟ್ಟೋವಾಗ ಹಾಡ್ಕೊಂಡೇ ಮುಟ್ತಾನಪ್ಪ.”

“ನಾನು ಉಸಿರು ಹಿಡಿ ಅಂದೆನಾ?”

“ಅತ್ತೆ ಹೇಳಿದ್ರಲ್ಲ, ಕಪ್ಪು ಬಿಟ್ಟು ಉಸಿರು ಹಿಡಿ ಅಂತ.”

ಹಸಿರು, ಉಸಿರು, ಎರಡನ್ನೂ ಯಜಮಾನರು ಮನಸ್ಸಿನಲ್ಲೇ ಅಕ್ಕಪಕ್ಕ ಇಟ್ಟು ನೋಡಿದರು. ಮೂರಕ್ಷರದ ಮಾತಿನಲ್ಲಿ ಮೊದಲನೆಯ ಅಕ್ಷರವೇ ಬದಲಾಗಿಬಿಟ್ಟಿತ್ತು. ಇಪ್ಪತ್ತು ವರ್ಷದ ವೃತ್ತಿಜೀವನದಲ್ಲಿ ಇಷ್ಟು ಎದ್ದು ಕಾಣುವ ತಪ್ಪು ಅವರ ಕೈ ತಪ್ಪಿಸಿಕೊಂಡು ಹೋದದ್ದಿಲ್ಲ. ಮೆಲ್ಲನೆ ಸಾಮಾನಿನ ಕೋಣೆಗೆ ಹೋಗಿ, ಪ್ರೆಸ್ಸಿನ ಭೂತಗನ್ನಡಿ ತೆಗೆದು, ತುಂಡಾದ ತಂತಿಯನ್ನು ನೋಡಿದರು. ತಾಮ್ರ ಆಗಷ್ಟೇ ಉಜ್ಜಿದ ಪಾತ್ರೆಯಂತೆ ಫಳಫಳ ಹೊಳೆಯುತ್ತಿತ್ತು. ಉಳಿಯನ್ನು ಎತ್ತಿ ನೋಡಿದರು. ಅಂಚಿಗೆ ಉಗುರಿನಷ್ಟು ಹಸಿರು ಸಿಪ್ಪೆ ಅಂಟಿಕೊಂಡಿತ್ತು.

ಅಡುಗೆಮನೆಗೆ ಹತ್ತು ಹೆಜ್ಜೆಯೂ ಇರಲಿಲ್ಲ. ಹೋಗಿ, ತಪ್ಪು ನನ್ನದೇ ಎನ್ನಬಹುದಿತ್ತು. ಯಜಮಾನರು ಬಾಗಿಲವರೆಗೆ ಹೋದದ್ದೂ ನಿಜ. ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಅವರ ಕೈ ತನ್ನಷ್ಟಕ್ಕೆ ಉಳಿಯನ್ನು ಪ್ಯಾಂಟಿಗೆ ಒರೆಸಿ, ಒಳ್ಳೆಯ ಸಾಮಾನು ಇಡುವ ಹಾಗೆ ಗೋಡೆಯ ಪಕ್ಕಕ್ಕೆ ಇಟ್ಟಿತು.

ಬಾಮೈದ ಬಂದ. ಯಾರ ಮುಖವನ್ನೂ ನೋಡದೆ ನೇರ ಕೋಣೆಗೆ ಹೋಗಿ, ಕುಕ್ಕರುಗಾಲಿನಲ್ಲಿ ಕೂತು, ಒಡೆದ ಪೈಪಿನೊಳಗೆ ಬೆರಳಿಟ್ಟು ನೋಡಿದ. ಯಜಮಾನರು ಉಸಿರು ಹಿಡಿದು ನಿಂತರು. ಈಗ ಅವನು ತಿರುಗಿ, ‘ಭಾವ, ಇದು ಉಳಿ ಏಟಲ್ವಾ’ ಎನ್ನುತ್ತಾನೆ ಎಂದು ಕಾದರು.

“ತಪ್ಪು ನಂದೇ ಭಾವ,” ಎಂದ ಬಾಮೈದ.

“ಹಾಂ?”

“ಗಾರೆಯವನು ಸಿಮೆಂಟು ಮೆತ್ತೋ ಹೊತ್ತಿಗೆ ನಾನು ಟೀ ಕುಡಿಯೋಕೆ ಹೋಗಿದ್ದೆ. ಕರಣೆ ಏಟು ಪೈಪಿಗೆ ಬಿದ್ದಿರಬೇಕು. ಆಮೇಲೆ ಒಂದ್ಸಲ ಟೆಸ್ಟ್ ಮಾಡಿದ್ರೆ ಆವಾಗಲೇ ಸಿಕ್ಕಿಬಿಡ್ತಿತ್ತು. ನೀವು ನಿನ್ನೆ ಕೇಳಿದ್ರಿ, ನಾನೇ ಹಗುರಾಗಿ ತಗೊಂಡೆ.” ಎದ್ದು ನಿಂತ. “ನೀವಿಲ್ಲದಿದ್ರೆ ಅಕ್ಕನಿಗೆ ಏನಾಗ್ತಿತ್ತೋ.”

ಹೆಂಡತಿ ತಮ್ಮನನ್ನು ಬಾಯಿಗೆ ಬಂದಂತೆ ಬೈದಳು. ಆಮೇಲೆ ಟೀ ಮಾಡಿ ಆ ಕೋಣೆಗೇ ತಂದಳು. ಮೊದಲ ಲೋಟ ಯಜಮಾನರಿಗೆ ಬಂತು, ಜೊತೆಗೆ ಆಸ್ಪತ್ರೆಗೆಂದು ಎತ್ತಿಟ್ಟಿದ್ದ ಬೆಣ್ಣೆ ಬಿಸ್ಕತ್ತು ಎರಡು. “ಇವರು ಎಷ್ಟೇ ಕೊಸರಾಡಲಿ, ನೋಡೋದು ಮಾತ್ರ ಸರಿಯಾಗಿ ನೋಡ್ತಾರೆ,” ಎಂದು ಅತ್ತೆಗೆ ಹೇಳಿದ್ದು ಅವರ ಕಿವಿಗೂ ಬಿತ್ತು. ಹೆಂಡತಿಯ ಬಾಯಿಂದ ಇಂಥ ಮಾತು ಮೊದಲು ಯಾವಾಗ ಬಂದಿತ್ತು ಎಂದು ನೆನಪಿಸಿಕೊಳ್ಳಲು ನೋಡಿದರು. ನೆನಪಾಗಲಿಲ್ಲ. ಸತ್ಯ ಹೇಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೀ ಆರಿಹೋಗುತ್ತದೆ. ಟೀ ಕುಡಿದೇ ಹೇಳೋಣ ಎಂದುಕೊಂಡರು.

ಬಾಮೈದ ಲೋಟ ಕೆಳಗಿಟ್ಟ. “ಪೂರ್ತಿ ಕಿತ್ತುಬಿಡ್ತೀನಿ ಭಾವ.”

“ಏನನ್ನ?”

“ಲೈನನ್ನೇ. ಇಲ್ಲಿ ಏಟು ಬಿದ್ದಿದೆ ಅಂದ್ರೆ ಇನ್ನೂ ಎಲ್ಲೆಲ್ಲಿ ಬಿದ್ದಿದೆಯೋ. ವೈರಿನ ಸಿಪ್ಪೆ ಸೀಳಿದ್ರೆ, ಪೈಪು ನಜ್ಜುಗುಜ್ಜಾಗಿದ್ರೆ ಅದೆಲ್ಲ ಈ ಕುಂಯ್ ಮೀಟರಿಗೆ ಗೊತ್ತಾಗಲ್ಲ. ಬೋರ್ಡಿನಿಂದ ಇಲ್ಲಿವರೆಗೂ ಗೋಡೆ ಬಿಚ್ಚಿ, ಹೊಸ ಪೈಪು, ಹೊಸ ವೈರು. ಒಂದು ವಾರ ಹಿಡಿಯುತ್ತೆ. ಹಿಡೀಲಿ.”

ಯಜಮಾನರು ಕಚ್ಚಿದ ಬಿಸ್ಕತ್ತನ್ನು ಕೆಳಗಿಟ್ಟರು. “ಅಷ್ಟೆಲ್ಲ ಬೇಡಪ್ಪ. ಆ ಒಂದು ತಂತಿ ಜೋಡಿಸಿಬಿಡು.”

“ಆಗಲ್ಲ ಭಾವ. ನೀವೇ ಹೇಳ್ತಿರ್ತೀರಲ್ಲ, ಒಂದು ಪುಟದಲ್ಲಿ ತಪ್ಪು ಸಿಕ್ಕಿದ್ರೆ ಇಡೀ ಪುಸ್ತಕ ಮತ್ತೆ ಓದ್ಬೇಕು ಅಂತ.”

“ನನ್ನ ಕೇಕಿನ ಗತಿ?” ಎಂದಳು ಹೆಂಡತಿ. ಅವಳ ದನಿ ಸಣ್ಣದಾಗಿತ್ತು. “ನಾಳಿದ್ದು ಬೆಳಿಗ್ಗೆ ಕೊಡ್ಬೇಕು ಕಣೋ. ಆಗಲ್ಲ ಅಂತ ಡಾಕ್ಟರಮ್ಮನಿಗೆ ಯಾವ ಬಾಯಲ್ಲಿ ಹೇಳ್ಲಿ?”

ಆ ದನಿ ಕೇಳಿ ಯಜಮಾನರು ಟೀ ಮುಗಿಯುವುದನ್ನು ಕಾಯಲಿಲ್ಲ. ಲೋಟ ಪಕ್ಕಕ್ಕಿಟ್ಟು, ಎದ್ದು ನಿಂತು, “ತಂತಿ ಕತ್ತರಿಸಿದ್ದು ನಾನು,” ಎಂದರು.

ತಮ್ಮ ಎದೆಯ ಕಡೆಗೇ ಬೆರಳು ತೋರಿಸಿಕೊಂಡರು.

“ಗಾರೆಯವನಲ್ಲ. ನಾನೇ, ಉಳಿಯಿಂದ. ತಂತಿ ಸರಿಯಾಗೇ ಇತ್ತು. ಇವಳು ಹಸಿರು ಹಿಡಿಯೋ ಬದಲು ಉಸಿರು ಹಿಡಿದಿದ್ಲು, ಅದಕ್ಕೇ ಮೀಟರು ಕೂಗಲಿಲ್ಲ. ನಾನು ತುಂಡಾಗಿದೆ ಅಂತ ಗೋಡೆ ಒಡೆದೆ. ಒಡೆಯೋವಾಗ ತುಂಡಾಯ್ತು.”

ಹೆಂಡತಿ ಅವರನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಕಣ್ಣಲ್ಲಿ ನೀರು ತುಂಬಿತು.

“ನೋಡಿದೆಯೇನೋ,” ಎಂದಳು ತಮ್ಮನಿಗೆ. “ನಾನು ನಿನ್ನ ಬೈದಿದ್ದು ಅವರಿಗೆ ತಡಕೊಳ್ಳೋಕಾಗಲಿಲ್ಲ. ತಮ್ಮ ಮೇಲೆ ಎಳ್ಕೊಳ್ತಿದಾರೆ.”

“ಎಳ್ಕೊಳ್ತಿಲ್ಲ ಕಣೇ, ನಿಜ ಹೇಳ್ತಿದೀನಿ. ಬೇಕಾದ್ರೆ ಉಳಿ ನೋಡಿ. ಅದಕ್ಕೆ ಹಸಿರು ಅಂಟಿತ್ತು.”

ಬಾಮೈದ ಉಳಿ ಎತ್ತಿ ತಿರುಗಿಸಿ ನೋಡಿದ. “ಕ್ಲೀನಾಗಿದೆಯಲ್ಲ ಭಾವ.”

“ಒರೆಸಿದೆ.”

“ಯಾಕೆ?”

ಇದಕ್ಕೆ ಯಜಮಾನರಲ್ಲಿ ಉತ್ತರವಿತ್ತು, ಆದರೆ ಹೇಳುವಂಥದ್ದಾಗಿರಲಿಲ್ಲ. ಅವರು ಅಮ್ಮನ ಕಡೆ ತಿರುಗಿದರು. “ಅಮ್ಮ, ನೀನೇ ಹೇಳು. ನಾನು ಹಸಿರು ಹಿಡಿ ಅಂದೆ. ನೀನು ಉಸಿರು ಹಿಡಿ ಅಂದೆ. ಹೌದಾ ಇಲ್ವಾ?”

“ಉಸಿರು ಹಿಡಿ ಅಂತ ನಾನ್ಯಾಕೋ ಹೇಳ್ಲಿ?” ಎಂದರು ಅಮ್ಮ. “ಜೀವ ಹೋಗಲ್ವಾ? ನೀನು ಏನು ಹೇಳಿದ್ಯೋ ಅದನ್ನೇ ಹೇಳ್ದೆ.”

“ಉಸಿರನ್ನೂ ಹಿಡಿದಿದ್ದೆ, ವೈರನ್ನೂ ಹಿಡಿದಿದ್ದೆ,” ಎಂದಳು ಹೆಂಡತಿ ಮೂಗೊರೆಸಿಕೊಳ್ಳುತ್ತ. “ಕೈಯಲ್ಲಿ ವೈರು ಇತ್ತು, ನನಗೆ ಗೊತ್ತಿಲ್ವಾ?”

“ಯಾವ ಬಣ್ಣದ ವೈರು?”

“ನೀವು ಹೇಳಿದ ಬಣ್ಣದ್ದೇ.”

ಬಾಮೈದ ಯಜಮಾನರ ಭುಜದ ಮೇಲೆ ಕೈಯಿಟ್ಟ. ಇಷ್ಟು ವರ್ಷದಲ್ಲಿ ಅವನು ಅಷ್ಟು ಹತ್ತಿರ ಬಂದದ್ದಿಲ್ಲ. “ಸಾಕು ಬಿಡಿ ಭಾವ. ನಿಮಗೆ ನನ್ನ ಕಂಡ್ರೆ ಆಗಲ್ಲ ಅಂತ ಅಂದ್ಕೊಂಡಿದ್ದೆ. ನೀವು ಇಷ್ಟು ಹೇಳಿದ ಮೇಲೆ, ಆಣೆಗೂ ಇದನ್ನ ಅರೆಬರೆ ರಿಪೇರಿ ಮಾಡಲ್ಲ. ಇಡೀ ಲೈನು ಹೊಸದು. ಎರಡು ಪಾಯಿಂಟ್ ಇದ್ದ ಕಡೆ ಆರು ಹಾಕ್ತೀನಿ.”

“ಅದೆಲ್ಲ ಸರಿ, ಕೇಕು?” ಎಂದಳು ಹೆಂಡತಿ.

ಬಾಮೈದ ಯೋಚಿಸಿದ. ಮನೆಯಲ್ಲಿ ದಪ್ಪ ವೈರಿನ ಪಾಯಿಂಟು ಇನ್ನೊಂದು ಇತ್ತು. ಎಂದೋ ಏಸಿ ಹಾಕಿಸಬೇಕೆಂದು ಮಾಡಿಸಿ, ಏಸಿ ಬಾರದೆ ಹಾಗೇ ಉಳಿದದ್ದು. ಅದು ಮುಂದಿನ ಕೋಣೆಯಲ್ಲಿತ್ತು. ಮುಂದಿನ ಕೋಣೆಯಲ್ಲಿ ಬೀದಿಗೆ ತೆರೆಯುವ ಕಿಟಕಿ, ಕಿಟಕಿಯ ಬೆಳಕು ಬೀಳುವಂತೆ ಯಜಮಾನರ ಮೇಜು, ಮೇಜಿನ ಸುತ್ತ ಪದಕೋಶಗಳು. ಆ ಪಾಯಿಂಟಿನ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೊದಲೇ ಯಾರೂ ಬಾಯಿ ಬಿಡದಿದ್ದಕ್ಕೆ ಕಾರಣವೂ ಎಲ್ಲರಿಗೂ ಗೊತ್ತಿತ್ತು.

“ಅಲ್ಲಿ ಆಗಲ್ಲ,” ಎಂದರು ಯಜಮಾನರು, ಯಾರೂ ಏನೂ ಹೇಳುವ ಮೊದಲೇ. “ನನ್ನ ಕೆಲಸ?”

ಹೆಂಡತಿ ಕಣ್ಣೊರೆಸಿಕೊಂಡು ಅವರನ್ನು ನೋಡಿದಳು.

“ಯಾಕಾಗಲ್ಲ? ತಂತಿ ಕತ್ತರಿಸಿದ್ದು ನಾನೇ ಅಂದ್ರಲ್ಲ ನೀವು.”

“ಈಗ ತಾನೇ ಯಾರೂ ಅದನ್ನ ನಂಬಲಿಲ್ವಲ್ಲ.”

“ಅವನ ವಿಷಯಕ್ಕೆ ನಂಬಲಿಲ್ಲ. ಕೋಣೆ ವಿಷಯಕ್ಕೆ ನಂಬ್ತೀನಿ.”

ಯಜಮಾನರು ಈ ವಾಕ್ಯದಲ್ಲಿ ತಪ್ಪು ಹುಡುಕಿದರು. ಇತ್ತು. ಆದರೆ ಎಲ್ಲಿ ಗೀರು ಹಾಕಬೇಕೆಂದು ತೋಚಲಿಲ್ಲ. ಅಷ್ಟರಲ್ಲಿ ಬಾಮೈದ ಹೋಗಿ ಮುಂದಿನ ಕೋಣೆಯ ಪಾಯಿಂಟನ್ನು ಹಿಂದೆ ಮುಂದೆ ಎಲ್ಲ ಪರೀಕ್ಷಿಸಿ, ಓವನ್ನನ್ನು ತಳ್ಳಿಕೊಂಡು ಹೋಗಿಯಾಗಿತ್ತು.

ಕೇಕು ಹೇಳಿದ ಹೊತ್ತಿಗೆ ತಯಾರಾಯಿತು. ಅಂಚು ಹೊಂಬಣ್ಣಕ್ಕೆ ತಿರುಗಿ, ನಡುವೆ ಹತ್ತಿಯಂತೆ ಉಬ್ಬಿತ್ತು. ಡಾಕ್ಟರಮ್ಮ ಇನ್ನೂ ನಾಲ್ಕು ಕಡೆ ಹೇಳಿದರು. ಬೀದಿಯಲ್ಲಿ ಹೋಗುವವರು ಪರಿಮಳಕ್ಕೆ ಮನಸೋತು ಕಿಟಕಿಯ ಹತ್ತಿರ ನಿಲ್ಲತೊಡಗಿದರು. ನಿಂತವರು ಏನಾದರೂ ಕೊಂಡೇ ಹೋಗುತ್ತಿದ್ದರು. ಒಂದು ವಾರದಲ್ಲಿ ಮುಗಿಯಬೇಕಿದ್ದ ವೈರಿಂಗು ಮೂರು ವಾರ ಹಿಡಿಯಿತು. ಬಾಮೈದ ಬೋರ್ಡಿನಿಂದ ಹಿತ್ತಲವರೆಗೆ ಗೋಡೆ ಬಿಚ್ಚಿಸಿದ, ಮತ್ತೆ ಮೆತ್ತಿಸಿದ. ಮೆತ್ತುವ ಮುಂಚೆ ಒಂದು ಸಲ, ಮೆತ್ತಿದ ಮೇಲೆ ಒಂದು ಸಲ, ಪ್ರತಿ ಪಾಯಿಂಟಿನ ಪ್ರತಿ ತೂತಿಗೂ ಕಡ್ಡಿ ಚುಚ್ಚಿ ಕುಂಯ್ ಎನ್ನಿಸಿದ. ಅಷ್ಟೂ ದಿನ ಯಜಮಾನರಿಗೆ ಊಟದಲ್ಲಿ ಸಿಮೆಂಟಿನ ರುಚಿ ಸಿಗುತ್ತಿತ್ತು. ಮೇಜು ನಡುಮನೆಯ ಒಂದು ಮೂಲೆಯಲ್ಲಿ, ಅಮ್ಮನ ಎದುರಿಗೆ ಇತ್ತು. ಅವರು ಓದುತ್ತಿದ್ದರೆ ಅಮ್ಮ, “ಏನಂದೆ?” ಎನ್ನುತ್ತಿದ್ದರು.

ಕೆಲಸ ಮುಗಿದ ದಿನ ಯಜಮಾನರು ತಾವೇ ಮುಂದಾಗಿ, “ಇನ್ನು ಓವನ್ ಅಲ್ಲಿಗೆ ಸಾಗಿಸಬಹುದಲ್ಲ,” ಎಂದರು.

“ಎಲ್ಲಿಗೆ, ಹಿತ್ತಲಿಗಾ?” ಎಂದಳು ಹೆಂಡತಿ. ಕಿಟಕಿಯಲ್ಲಿ ನಿಂತ ಗಿರಾಕಿಗೆ ಪೊಟ್ಟಣ ಕಟ್ಟುತ್ತಿದ್ದಳು. “ಅಲ್ಲಿ ಕಿಟಕಿ ಎಲ್ಲಿದೆ ಹೇಳಿ. ನಿಮಗೆ ಬೇಕಾದ್ದು ಮೌನ ತಾನೇ. ಆ ಕೋಣೆಯಷ್ಟು ಮೌನ ಮನೆಯಲ್ಲಿ ಇನ್ನೆಲ್ಲೂ ಇಲ್ಲ. ಬೆಳಕಿಗೆ ಬೇಕಾದಷ್ಟು ಪಾಯಿಂಟ್ ಇದೆ.”

ಹೀಗೆ ಯಜಮಾನರು ಸಾಮಾನಿನ ಕೋಣೆ ಸೇರಿದರು. ಮೇಜು ಹಿಡಿಸಿತು. ಕುರ್ಚಿ ಹಿಡಿಸಲು ಬಾಗಿಲನ್ನು ಒಮ್ಮೆ ಕಳಚಬೇಕಾಯಿತು. ಪದಕೋಶಗಳು ನೆಲದ ಮೇಲೆ ಸಾಲಾಗಿ ಕೂತವು. ಸುತ್ತ ಗೋಡೆಯಲ್ಲಿ ಆರು ದಪ್ಪ ಪಾಯಿಂಟುಗಳು, ಒಂದರಲ್ಲೂ ಲೋಪವಿಲ್ಲ. ಅದರಲ್ಲಿ ಒಂದಕ್ಕೆ ಮೇಜಿನ ದೀಪ ಸಿಕ್ಕಿಸಿಕೊಂಡು ಅವರು ಕರಡು ತಿದ್ದತೊಡಗಿದರು.

ಬಾಮೈದನಿಗೆ ಆ ಕೋಣೆಯ ಮೇಲೆ ಬಲು ಅಭಿಮಾನ. ಹೊಸದಾಗಿ ಮನೆ ಕಟ್ಟಿಸುವವರು ಸಿಕ್ಕಿದರೆ ಕರೆದುಕೊಂಡು ಬಂದು ತೋರಿಸುತ್ತಿದ್ದ. ಮೊನ್ನೆ ಒಬ್ಬ ಹೆಂಗಸು ಬಂದಿದ್ದರು. ಬಾಗಿಲಲ್ಲೇ ನಿಂತು, ಒಳಗೆ ಬರಲು ಜಾಗವಿಲ್ಲದ್ದರಿಂದ ಕತ್ತು ಮಾತ್ರ ಚಾಚಿ, ಗೋಡೆಯ ಪಾಯಿಂಟುಗಳನ್ನೆಲ್ಲ ನೋಡಿದರು. ಯಜಮಾನರು ಅವರಿಗೆ ಬೆನ್ನು ಮಾಡಿ, ತಲೆ ತಗ್ಗಿಸಿ, ಒಂದು ಒತ್ತಕ್ಷರದ ಮೇಲೆ ಪೆನ್ಸಿಲು ಹಿಡಿದು ಕೂತಿದ್ದರು.

“ಲೈನೇನೋ ಭಾರಿಯಾಗಿ ಹಾಕಿದೀರ,” ಎಂದರು ಆಕೆ. “ಅದರ ಮೇಲೆ ಲೋಡು ಏನು ಕೊಟ್ಟಿದೀರ?”

ಬಾಮೈದ ಮೇಜಿನ ದೀಪದ ಕಡೆ ಕೈ ತೋರಿಸಿದ. “ಸದ್ಯಕ್ಕೆ ಇದೊಂದೇ.”

ಆಕೆ ನಿಂತಿದ್ದ ಕಡೆಯಿಂದ ದೀಪ ಕಾಣುತ್ತಿರಲಿಲ್ಲ. ಯಜಮಾನರ ಬೆನ್ನಿನ ಮರೆಗಿತ್ತು. ಆಕೆ ಆ ಬೆನ್ನನ್ನು ಸ್ವಲ್ಪ ಹೊತ್ತು ನೋಡಿ, ಅರ್ಥವಾಯಿತು ಎಂಬಂತೆ ತಲೆಯಾಡಿಸಿದರು.

“ನಮ್ಮನೇಲೂ ಒಂದಿದೆ,” ಎಂದರು ಮೆಲ್ಲಗೆ. “ಅದಕ್ಕೂ ಇಂಥದೇ ಒಂದು ಕೋಣೆ ಮಾಡಿಕೊಟ್ಟುಬಿಡಿ.”